ಕೆರೆಗೇ ಹೋಗುತ್ತಿದ್ದ ಕೊಡಗಳು

ಯರಗುಪ್ಪಿ ಕಡೆಯ ಒಂದು ಸಣ್ಣ ಊರು. ಅಲ್ಲಿ ಶುದ್ಧ ನೀರಿನ ಘಟಕ ಬಂದು ಎರಡು ವರ್ಷವಾಗಿತ್ತು. ಆದರೂ ಕೆಂಚವ್ವನ ಸೊಸೆ ಮಂಜುಳಾ ದಿನಾ ಕೆರೆಗೇ ಹೋಗುತ್ತಿದ್ದಳು. ಓಣಿಯ ಉಳಿದ ಹೆಂಗಸರೂ ಹಾಗೆಯೇ. ಮಳೆಗಾಲ ಬಂತೆಂದರೆ ಆ ನೀರು ಕುಡಿದು ಮಕ್ಕಳಿಗೆ ವಾಂತಿ-ಭೇದಿ. ಈ ಸಲ ಕೆಂಚವ್ವನ ಎರಡು ವರ್ಷದ ಮೊಮ್ಮಗಳು ನಾಲ್ಕು ದಿನ ದವಾಖಾನೆಯಲ್ಲಿದ್ದು ಬಂದಳು.

ಅದೇ ವಾರ ಅನ್ನಪೂರ್ಣಾ ಬಂದಳು. ಸಮಾಜಶಾಸ್ತ್ರ ಓದಿ, ಹಳ್ಳಿಗಳಲ್ಲಿ ಕೆಲಸ ಮಾಡುವ ಹುಡುಗಿ.

"ನೀವೂ ಭಾಷಣ ಮಾಡಾಕ ಬಂದೀರೇನ್ರಿ?" ಕೆಂಚವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಹಿಂದ ಬಂದವ್ರು ಗ್ವಾಡಿ ತುಂಬ 'ಶುದ್ಧ ನೀರು ಕುಡೀರಿ' ಅಂತ ಬರದು ಹೋದ್ರು. ನಮ್ಮ ಉಸಾಬರಿ ನಿಮಗ್ಯಾಕ?"

"ಇಲ್ರಿ ಅವ್ವಾರ, ಕೇಳಾಕ ಬಂದೀನಿ. ಆ ಘಟಕದ ನೀರು ಯಾಕ ತರೂದಿಲ್ರಿ?"

ಕೆಂಚವ್ವನ ಕೈ ನಿಂತಿತು. ಎರಡು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ಅದರ ಮುಂದಿನ ಕಟ್ಟಿ ಮ್ಯಾಲ ಮುಂಜಾನೆಯಿಂದ ಗಂಡಸರು ಇಸ್ಪೀಟ ಆಡ್ಕೋತ ಕುಂದರ್ತಾರ. ಹೆಣ್ಮಕ್ಕಳು ಆ ಕಡೆ ಹೋದ್ರ ಏನಾರ ಅಂದು ನಗ್ತಾರ. ಹೋಗಬ್ಯಾಡ ಅಂತ ಸೊಸಿಗೆ ನಾನ ಹೇಳೀನಿ," ಎಂದಳು. ಮೂಲೆಯಲ್ಲಿ ಮಲಗಿದ್ದ ಮೊಮ್ಮಗಳ ಕಡೆ ನೋಡಿದಳು.

ಅನ್ನಪೂರ್ಣಾ ಓಣಿಯ ಎಲ್ಲ ಮನೆಗಳಿಗೂ ಹೋಗಿ ಕೇಳಿದಳು. ಎಲ್ಲರದೂ ಅದೇ ಮಾತು. ಊರ ಹಿರಿಯ ಈರಬಸಪ್ಪನ ಪಡಸಾಲೆಯಲ್ಲಿ ಮಂದಿಯನ್ನು ಕೂಡಿಸಿ, ಯಾರ ಹೆಸರನ್ನೂ ಎತ್ತದೆ ಆ ಮಾತನ್ನು ಮುಂದಿಟ್ಟಳು. ಆಗ ಕೆಂಚವ್ವ ಎದ್ದು ನಿಂತಳು.

"ನನ್ನ ಮೊಮ್ಮಗಳಿಗೆ ನಾಕು ದಿನ ಸಲಾಯಿನ್ ಹಚ್ಚಿದ್ರು. ನಿಮ್ಮ ಮನ್ಯಾಗೂ ಮಕ್ಕಳದಾವ."

ಈರಬಸಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. "ಆ ಕಟ್ಟಿ ಮ್ಯಾಲ ನಾನೂ ಕುಂದರ್ತೀನವ್ವಾ. ಇಷ್ಟು ತಿಳೀಲಿಲ್ಲ. ನಾಳಿಯಿಂದ ನಾವು ಬಸ್‌ಸ್ಟ್ಯಾಂಡ್ ಕಡೆ ಹೋಗ್ತೀವಿ."

ಒಂದಿಬ್ಬರು ಗೊಣಗಿದರು. ಆದರೂ ಮರುದಿನ ಕಟ್ಟೆ ಖಾಲಿಯಿತ್ತು. ಮಂಜುಳಾ ಓಣಿಯ ಹೆಂಗಸರ ಜೊತೆ ಮಾತಾಡುತ್ತ ಹೋಗಿ ಘಟಕದ ನೀರು ತಂದಳು.

ತಿಂಗಳಾದ ಮೇಲೆ ಅನ್ನಪೂರ್ಣಾ ಮತ್ತೆ ಬಂದಳು. "ಈಗ ಹೆಂಗೈತ್ರಿ ಅವ್ವಾರ?"

"ಚಲೋ ಐತಿ. ಕೂಸು ಆರಾಮದಾಳ. ಆದ್ರ ಘಟಕ ದೂರ ಐತಿ, ಮುದುಕ್ಯಾರಿಗೆ ಅಲ್ಲಿಂದ ಕೊಡ ಹೊರಾಕ ಆಗೂದಿಲ್ಲ. ಅದನ್ನೂ ಬರಕೋವಾ," ಎಂದು ಕೆಂಚವ್ವ ಚಾಪೆ ಹಾಸಿದಳು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಊರಿನ ಕಷ್ಟಕ್ಕೆ ಕೈಹಾಕುವವರು ಮೊದಲು ಕೇಳಬೇಕು, ಊರವರ ಜೊತೆ ಕೂಡಿ ಮಾಡಬೇಕು, ಮತ್ತೆ ಬಂದು ನೋಡಬೇಕು. ಅಂಥವರು ನಿಮ್ಮ ಬಾಗಿಲಿಗೆ ಬಂದರೆ ಒಳಗೆ ಕರೆಯಿರಿ. ಇದ್ದದ್ದನ್ನು ಇದ್ದಂತೆ ಹೇಳಿರಿ. ಹೇಳಿ ಮುಗಿದ ಮೇಲೆ ನೀವೂ ಒಂದು ಮಾತು ಕೇಳಿರಿ: ಮತ್ತೆ ಯಾವಾಗ ಬರುತ್ತೀರಿ?