ಚಾಟಿಗೂ ಊರುಗೋಲಿಗೂ ಒಂದೇ ಸುಂಕ

ರೋಲಂಡ್‌ನ ಹೆಸರು ಕಿವಿಗೆ ಬಿದ್ದರೆ ಸಾಕು, ಕ್ಲೈವ್‌ಗೆ ಕುಡಿಯುತ್ತಿದ್ದ ಟೀ ಕಹಿಯಾಗುತ್ತಿತ್ತು. ಇಂಗ್ಲೆಂಡಿನ ವಾಲ್ಸಲ್ ಊರಲ್ಲಿ ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಕೆಲಸ ಕಲಿತವರು. ಈಗ ಎದುರುಬದುರು ಅಂಗಡಿ. ಕ್ಲೈವ್‌ನದು ಊರುಗೋಲು, ರೋಲಂಡ್‌ನದು ಕುದುರೆ ಚಾಟಿ. ಚಾಟಿಗೆ ದೊಡ್ಡ ಕಾರುಗಳಲ್ಲಿ ಸಾಹುಕಾರರು ಬರುತ್ತಿದ್ದರು, ಟೀವಿಯವರೂ ಬಂದು ಹೋಗಿದ್ದರು. ಊರುಗೋಲಿಗೆ ಬರುತ್ತಿದ್ದವರು ಮಂಡಿನೋವಿನ ಮುದುಕರು. ಅಯ್ಯೋ, ಆ ಹೊಟ್ಟೆಕಿಚ್ಚು ಯಾರಿಗೂ ಬೇಡ!

ಅಷ್ಟರಲ್ಲಿ ದೇಶ ಯುರೋಪಿನ ಒಕ್ಕೂಟ ಬಿಟ್ಟು ಹೊರಬಂತು. ಹೊರಗಿಂದ ಬರುವ ಯಾವ ಮಾಲಿಗೆ ಎಷ್ಟು ಸುಂಕ ಅನ್ನೋದು ಇನ್ನು ಲಂಡನ್ನಿನಲ್ಲೇ ತೀರ್ಮಾನ. ನಿಮ್ಮ ಅಭಿಪ್ರಾಯ ಬರೆದು ತಿಳಿಸಿ ಎಂದಿತು ಸರ್ಕಾರ. ಊರವರೆಲ್ಲ ತಮ್ಮ ತಮ್ಮ ಸುಂಕ ಉಳಿಸಿ ಎಂದು ಬರೆದರೆ, ಈ ಪುಣ್ಯಾತ್ಮ ಕ್ಲೈವ್ ಮಾತ್ರ ಚಾಟಿಯ ಸುಂಕ ಕಿತ್ತುಹಾಕಿ ಎಂದು ಬರೆದ. ಅಗ್ಗದ ಚಾಟಿ ಹಡಗುಗಟ್ಟಲೆ ಬಂದಿಳಿಯಲಿ, ಆಮೇಲೆ ನೋಡೋಣ ಅವನ ಜಂಬ!

ಮೂರು ವಾರಕ್ಕೆ ಸುಂಕದ ಕಚೇರಿಯ ಹೆಂಗಸು ಫೋನ್ ಮಾಡಿದಳು.

"ಸಾರ್, ನಮ್ಮ ಪಟ್ಟಿಯಲ್ಲಿ ಚಾಟಿ, ಊರುಗೋಲು ಎರಡೂ ಒಂದೇ ಸಾಲು. ತೆಗೆದರೆ ಎರಡಕ್ಕೂ ಹೋಗುತ್ತೆ. ಬೇಡ ಅನ್ನಿಸಿದರೆ ಶುಕ್ರವಾರದೊಳಗೆ ನಿಮ್ಮ ಕಾಗದ ವಾಪಸ್ ತಗೊಳ್ಳಿ."

ಅಗ್ಗದ ಊರುಗೋಲು ಬಂದರೆ ಕ್ಲೈವ್‌ನ ಅಂಗಡಿ ಆರು ತಿಂಗಳೂ ನಿಲ್ಲದು. ವಾಪಸ್ ತಗೊಳ್ಳೋಣ ಎಂದು ಪೆನ್ನು ಹಿಡಿದ. ಆಗಲೇ ರೋಲಂಡ್ ಒಂದು ಕಾಗದ ಹಿಡಿದು ಒಳಗೆ ಬಂದ.

"ಸಹಿ ಹಾಕು ಮಾರಾಯ. ನಮ್ಮಿಬ್ಬರ ಸಾಲಿನ ಸುಂಕ ಉಳಿಸಿ ಅಂತ ಬರೆದಿದೀನಿ, ನಿನಗೋಸ್ಕರ."

"ನನಗೋಸ್ಕರಾನಾ?"

"ನನಗೇನಪ್ಪ, ನನ್ನ ಗಿರಾಕಿಗಳು ಬೆಲೆ ಕೇಳೋರಲ್ಲ. ಸುಂಕ ಹೋದ್ರೂ ಬದುಕ್ಕೋತೀನಿ. ನಿನ್ನ ಗತಿ ನೆನೆಸ್ಕೊಂಡ್ರೇನೇ ಪಾಪ ಅನ್ಸುತ್ತೆ ಕಣೋ."

ಪಾಪವಂತೆ, ಪಾಪ! ಬೈದಿದ್ದರೆ ಕ್ಲೈವ್ ತಡೆದುಕೊಳ್ಳುತ್ತಿದ್ದ. ಒಳ್ಳೆಯತನದಲ್ಲೂ ಅವನೇ ಮುಂದೆ ಅಂದರೆ ಹೇಗೆ ಸಹಿಸೋದು?

"ನಿನ್ನ ಭಿಕ್ಷೆ ನನಗೆ ಬೇಡ. ನಡಿ ಆಚೆ!"

ರೋಲಂಡ್ ಪಿಳಿಪಿಳಿ ಕಣ್ಣು ಬಿಟ್ಟು ಹೊರಟುಹೋದ. ಕ್ಲೈವ್ ಕಚೇರಿಗೆ ಫೋನ್ ಹಚ್ಚಿದ.

"ನನ್ನ ಕಾಗದ ಹಾಗೇ ಇರಲಿ ಮೇಡಂ. ತೆಗೀರಿ ಸುಂಕ."

"ನಿಮ್ಮದೂ ಹೋಗುತ್ತಲ್ಲ ಸಾರ್?"

"ಹೋಗಲಿ."

ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಡೋರೀನ್ ತಲೆ ತಲೆ ಚಚ್ಚಿಕೊಂಡಳು. "ಅಲ್ಲ ಕಣೋ ಕ್ಲೈವ್, ಅವನಿಗೇನೂ ಆಗಲ್ಲ ಅಂತ ಅವನೇ ಹೇಳಿ ಹೋದನಲ್ಲೋ! ಮುಳುಗೋದು ನಾವು ಮಾತ್ರ."

"ಗೊತ್ತು," ಎಂದ ಕ್ಲೈವ್. "ಆದ್ರೆ ರೋಲಂಡ್‌ನಿಂದ ಕ್ಲೈವ್ ಉಳ್ಕೊಂಡ ಅಂತ ಪಬ್ಬಲ್ಲಿ ಒಬ್ಬನೂ ಅನ್ನೋ ಹಾಗಿಲ್ಲ."