ಡಬ್ಬಿಯ ಮೇಲಿನ ಕುಸುಬೆ ಹೂವು

ಸೊಸೆ ಸುಚಿತ್ರಾ ದಿನಾ ಊಟಕ್ಕೆ ಮುಂಚೆ ನುಂಗುತ್ತಿದ್ದ ಮಾತ್ರೆ ಗಾದ್ರಮ್ಮನ ಕಣ್ಣಿಗೆ ಗಟ್ಟಿಯಾದ ಜೇನಿನ ಹನಿಯಂತೆ ಕಾಣುತ್ತಿತ್ತು. ಒಂದು ದಿನ ಮುದುಕಿ ಆ ಮಾತ್ರೆಯ ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಮೇಲೊಂದು ಹೂವಿನ ಚಿತ್ರ.

"ಇದು ನಮ್ಮ ಕುಸುಬೆ ಅಲ್ಲೇನೆ?"

"ಹ್ಞೂ ಅತ್ತೆ. ಅದರ ಎಣ್ಣೆಯಿಂದ ಏನೋ ತೆಗೀತಾರಂತೆ, ಮೈ ಇಳಿಸ್ತೈತಂತೆ. ಫೋನಿನಾಗೆ ನೋಡಿ ತರಿಸ್ದೆ."

ಗಾದ್ರಮ್ಮ ಗಲ್ಲಕ್ಕೆ ಕೈ ಹಚ್ಚಿದಳು. ಜಗಳೂರು ಸೀಮೆಯಲ್ಲಿ ಜೋಳದ ಹೊಲದ ಅಂಚಿಗೆ ಕುಸುಬೆ ಹಾಕುತ್ತಿದ್ದರು, ಮುಳ್ಳಿಗೆ ಹೆದರಿ ದನ ಒಳಗೆ ಬಾರದಿರಲೆಂದು. ಆ ಎಣ್ಣೆ ಉಂಡೇ ಬಾಣಂತಿಯರು ಮೈ ತುಂಬಿಕೊಳ್ಳುತ್ತಿದ್ದರು. ಅದು ಮೈ ಇಳಿಸುವುದನ್ನು ಯಾವಾಗ ಕಲಿಯಿತು?

ಸುಚಿತ್ರಾಗೆ ಮಾತ್ರ ಆತುರ. ಹೆಂಗಸರ ಕೋಲಾಟದ ತಂಡ ಹೊನ್ನಾಳಿಗೆ ಕುಣಿಯಲು ಹೋಗುವುದಿತ್ತು. ಮೊದಲಿಂದಲೂ ಮುಂದಿನ ಸಾಲಿನಲ್ಲಿ ಕುಣಿದವಳಿಗೆ, ಕೋಲಾಟ ಕಲಿಸುವ ಅರುಣಾ, "ಈ ಸಲ ನೀನು ಹಿಂದೆ ನಿಂತ್ಕೊಳ್ಳಕ್ಕ, ವಿಡಿಯೋದಾಗೆ ಚೆಂದ ಕಾಣಬೇಕಲ್ಲ" ಅಂದುಬಿಟ್ಟಿದ್ದಳು. ಅವತ್ತಿನಿಂದ ಸೊಸೆ ಒಂದೇ ರೊಟ್ಟಿಗೆ ಏಳುತ್ತಿದ್ದಳು.

ಹನಿ ಎಣ್ಣೆ ಇಷ್ಟು ಕೆಲಸ ಮಾಡುವುದಾದರೆ ಸೌಟು ಎಣ್ಣೆ ಎಷ್ಟು ಮಾಡೀತು! ಗಾದ್ರಮ್ಮ ಪಕ್ಕದ ಮನೆಯ ತಿಪ್ಪೇಶನ ಕೈಲಿ ಗಾಣದ ಕುಸುಬೆ ಎಣ್ಣೆ ತರಿಸಿದಳು. ಸೊಸೆಗೆ ಕಾಣದಂತೆ ಅವಳ ಚಟ್ನಿಪುಡಿಯ ಮೇಲೆ ಧಾರಾಳವಾಗಿ ಸುರಿದಳು.

"ಏನು ಹಾಕೀರಿ ಅತ್ತೆ ಇದಕ್ಕೆ? ಬಿಡಾಕೇ ಮನಸ್ಸು ಬರಲ್ಲ."

"ಸುಮ್ನೆ ಉಣ್ಣು."

ಒಂದು ರೊಟ್ಟಿ ಎರಡಾಯಿತು, ಮೂರಾಯಿತು. ಮದ್ದು ಒಳಕ್ಕಿಳಿಯುತ್ತಿದೆ ಎಂದು ಮುದುಕಿ ಒಳಗೊಳಗೇ ಹಿಗ್ಗಿದಳು.

ಹೊನ್ನಾಳಿಗೆ ಹೋಗುವ ಮುನ್ನಾದಿನ ಸುಚಿತ್ರಾ ಕೋಲಾಟದ ಕುಪ್ಪಸ ಹಾಕಿ ನೋಡಿದರೆ ಹುಕ್ಕು ಹಾಕಲಾಗಲೇ ಇಲ್ಲ. ಅಲ್ಲೇ ಕೂತು ಅತ್ತಳು. ಗಾದ್ರಮ್ಮ ಅಡುಗೆಮನೆಯಿಂದ ಎಣ್ಣೆ ಕ್ಯಾನು ಹಿಡಿದು ಬಂದಳು.

"ಅಳಬೇಡ ಕಣವ್ವಾ. ಸಾಲಲಿಲ್ಲ ಅಂತ ಕಾಣ್ತೈತೆ. ಇನ್ನೊಂದು ಸೌಟು ಜಾಸ್ತಿ ಹಾಕ್ತೀನಿ."

ಸುಚಿತ್ರಾ ಕ್ಯಾನು ನೋಡಿದಳು, ಡಬ್ಬಿ ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅತ್ತೆ, ಎಣ್ಣೆ ತಿಂದ್ರೆ ದಪ್ಪ ಆಗ್ತಾರೆ!"

"ಹಂಗಾರೆ ನಿನ್ನ ಮಾತ್ರೆಯೊಳಗೆ ಇರೋದೇನು?"

ಮುದುಕಿ ಕೇಳಿದ್ದು ಕುಹಕಕ್ಕಲ್ಲ. ಸುಚಿತ್ರಾ ಪಿನ್ನು ತಗೊಂಡು ಒಂದು ಮಾತ್ರೆ ಚುಚ್ಚಿ ಅತ್ತೆಯ ಅಂಗೈಗೆ ಹಿಂಡಿದಳು. ಇಬ್ಬರೂ ಬಗ್ಗಿ ಮೂಸಿದರು.

"ಕುಸುಬೆ ಘಮಲೇ ಇಲ್ಲ. ಇದು ಏನು ಮಾಡ್ತೈತೆ ಮೈಯೊಳಗೆ?"

"ನಂಗೂ ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲದ್ದನ್ನ ನುಂಗ್ತೀಯ, ಗೊತ್ತಿರೋ ರೊಟ್ಟಿಗೆ ಹೆದರ್ತೀಯ. ಒಳ್ಳೇ ಹುಡುಗಿ."

ಸುಚಿತ್ರಾ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಕುಪ್ಪಸದ ಬದಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡಳು. ಸಂಜೆ ಕೋಲು ಹಿಡಿದು ಅಭ್ಯಾಸಕ್ಕೆ ಹೋಗಿ ಮುಂದಿನ ಸಾಲಿನಲ್ಲೇ ನಿಂತಳು.

"ಅಕ್ಕಾ, ನೀನು ಹಿಂದೆ..." ಎಂದಳು ಅರುಣಾ.

"ಮೊದ್ಲು ಪದ ಎತ್ತವ್ವ. ಒಂದೇಟು ತಪ್ಪಿದ್ರೆ ನಾನೇ ಹಿಂದಕ್ಕೆ ಹೋಗ್ತೀನಿ."

ಪದ ಶುರುವಾಯಿತು, ಮುಗಿಯಿತು. ಹಿಂದಿನ ಸಾಲಿನ ಮಾತನ್ನು ಅರುಣಾ ಮತ್ತೆ ಎತ್ತಲಿಲ್ಲ.

ಅಭ್ಯಾಸ ನೋಡಲು ಬಂದು ಕಟ್ಟೆಯ ಮೇಲೆ ಕೂತಿದ್ದ ಗಾದ್ರಮ್ಮ ಸೊಸೆಯನ್ನು ಕಣ್ತುಂಬ ನೋಡಿದಳು. ಅಂಗೈಗೆ ಹಿಂಡಿದ ಮಾತ್ರೆಯ ಜಿಡ್ಡು ಇನ್ನೂ ಹೋಗಿರಲಿಲ್ಲ. ಈಗಲಾದರೂ ಕುಸುಬೆ ಘಮಲು ಬಂದೀತೇನೋ ಎಂದು ಯಾರಿಗೂ ಕಾಣದಂತೆ ಅದನ್ನು ಮೂಗಿಗೆ ಹಿಡಿದು ಇನ್ನೊಮ್ಮೆ ಮೂಸಿದಳು.