ಚಿಟಿಚಿಟಿ ನಿಂತ ಜಾಗ

ಕಾಸಾಬ್ಲಾಂಕಾದ ದರ್ಬ್ ಗಲ್ಲೆಫ್ ಸಂತೆಯ ಮೂರನೆಯ ಓಣಿಯಲ್ಲಿ, ಚಹಾದ ಒಲೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ನನ್ನ ಅಂಗಡಿ. ಫೋನ್ ರಿಪೇರಿ ಮಾಡುವವರು ಇಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ. ನಾನು ಆ ದಾರಿಗೆ ಹೋಗಲಿಲ್ಲ. ಯಾರಿಗೂ ಅಗತ್ಯವಿಲ್ಲದ, ಆದರೆ ಕಂಡ ಮೇಲೆ ಬಿಟ್ಟುಹೋಗಲು ಮನಸ್ಸು ಬಾರದ ಸಾಮಾನು ನನ್ನದು. ಹಿಂದಕ್ಕೆ ನಡೆಯುವ ಗಡಿಯಾರ, ಗಾಳಿಯಲ್ಲಿ ತೇಲುವ ಬಲ್ಬು, ಎಲೆ ಮುಟ್ಟಿದರೆ ರಾಗ ಹೊರಡಿಸುವ ಹೂಕುಂಡ. ಕೊಳ್ಳುವವರಿಗಿಂತ ಬಿಚ್ಚಿ ನೋಡುವವರೇ ಹೆಚ್ಚು. ಅವರಿಗೆಂದೇ ಬಾಗಿಲ ಬಳಿ ಒಂದು ಬೆಂಚು, ಬೆಸುಗೆ ಕಡ್ಡಿ ಇಟ್ಟಿದ್ದೆ.

ಆ ಬೆಂಚಿನ ಮೇಲೆ ಪ್ರತಿ ಗುರುವಾರ ಬಂದು ಕೂರುತ್ತಿದ್ದವರು ಲಾಲ್ಲಾ ತೂರಿಯಾ. ನನಗೆ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವರು; ಈಗಲೂ ನನಗೆ ಅವರು ಲಾಲ್ಲಾ, ಅಂದರೆ ಅಮ್ಮಾವ್ರು. ನಿವೃತ್ತಿಯಾದ ಮೇಲೆ ಅವರಿಗೆ ಈ ಯಂತ್ರಗಳ ಹುಚ್ಚು ಹತ್ತಿತು. ಆ ಸಲ ಅವರು ತರಿಸಿದ್ದು ವಿಕಿರಣ ಎಣಿಸುವ ಯಂತ್ರದ ಬಿಡಿಭಾಗಗಳನ್ನು. ಅಂಗೈಯಗಲದ ಹಲಗೆ, ಬೆರಳಿನಷ್ಟು ಉದ್ದದ ಗಾಜಿನ ಕೊಳವೆ, ಚಿಕ್ಕ ಸ್ಪೀಕರು, ಅಂಕಿ ತೋರಿಸುವ ಪುಟ್ಟ ಪರದೆ. ಇಬ್ಬರೂ ಸೇರಿ ಜೋಡಿಸಿದೆವು. ಸ್ವಿಚ್ಚು ಒತ್ತಿದರೆ ಚಿಟಿ... ಚಿಟಿ ಎಂದು ಬಿಟ್ಟುಬಿಟ್ಟು ಸದ್ದು. ನಿಮಿಷಕ್ಕೆ ಇಪ್ಪತ್ತೈದು, ಮೂವತ್ತು. ಎಲ್ಲ ಕಡೆಯೂ ಅಷ್ಟು ಇದ್ದೇ ಇರುತ್ತದೆ ಎಂದರು ಅವರು. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದ ಮುಳ್ಳಿನ ಹಳೆಯ ಅಲಾರಾಂ ಗಡಿಯಾರದ ಮುಂದೆ ಹಿಡಿದಾಗ ಸದ್ದು ದಡದಡನೆ ಏರಿತು. ಅವರು ಹುಡುಗಿಯ ಹಾಗೆ ನಕ್ಕರು.

ಪಕ್ಕದ ಅಂಗಡಿ ಹಾಜ್ ಬುಶೈಬರದು. ನಲ್ಲಿ, ಮೀಟರು, ತಂತಿ, ತಿರುಪು ಎಲ್ಲ ಹಳೆಯ ಲೋಹ. ನಮ್ಮಿಬ್ಬರ ನಡುವೆ ಒಂದು ತಗಡಿನ ಗೋಡೆ ಮಾತ್ರ. ಅವರು ಇಣುಕಿ ನೋಡಿ, "ಏನಯ್ಯಾ ಮಿಲೂದ್, ಈಗ ಜೀರುಂಡೆ ಸಾಕೋಕೆ ಶುರು ಮಾಡಿದ್ಯಾ?" ಎಂದರು.

"ಜೀರುಂಡೆಗೆ ಹುಲ್ಲು ಹಾಕ್ಬೇಕು ಹಾಜ್, ಇದಕ್ಕೆ ಬ್ಯಾಟರಿ ಸಾಕು."

"ನಿನ್ನ ಅಂಗಡೀಲಿ ಉಪಯೋಗಕ್ಕೆ ಬರೋದು ಅಂದ್ರೆ ಆ ಪೊರಕೆ ಒಂದೇ ಕಣಯ್ಯ."

ಲಾಲ್ಲಾ ತೂರಿಯಾ ಯಂತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಹೋದರು.

ಮುಂದಿನ ಗುರುವಾರ ಮಧ್ಯಾಹ್ನದ ನಮಾಜು ಮುಗಿಸಿ ನಾನು ಆಗ ತಾನೇ ಅಂಗಡಿಗೆ ವಾಪಸು ಬಂದು ಕೂತಿದ್ದೆ. ಓಣಿಯ ತುದಿಯಲ್ಲಿ ಲಾಲ್ಲಾ ತೂರಿಯಾ ಕಾಣಿಸಿದರು. ಎಂದಿನಂತೆ ದಾಪುಗಾಲು ಹಾಕುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಕೈಯಲ್ಲಿದ್ದ ಯಂತ್ರ ನೋಡುವುದು, ಮತ್ತೆ ನಾಲ್ಕು ಹೆಜ್ಜೆ. ಹತ್ತಿರವಾದಂತೆ ಸದ್ದು ನನಗೂ ಕೇಳಿಸಿತು. ಅದು ಈಗ ಬಿಡಿಬಿಡಿಯಾಗಿರಲಿಲ್ಲ; ಕಾದ ಎಣ್ಣೆಗೆ ಮೀನು ಬಿಟ್ಟಂತೆ ಸುಯ್ಯೆನ್ನುತ್ತಿತ್ತು.

"ಎಲ್ಲೋ ಬೆಸುಗೆ ಬಿಟ್ಟಿದೆ ಲಾಲ್ಲಾ, ಕೊಡಿ," ಎಂದೆ.

"ಮನೇಲಿ ಸರಿಯಾಗಿತ್ತು. ಬಸ್ಸಲ್ಲೂ ಸರಿಯಾಗಿತ್ತು. ಓಣಿ ಬಾಯಿಗೆ ಬಂದಾಗ ನೂರೈವತ್ತು ತೋರಿಸ್ತು. ಒಂದೊಂದು ಅಂಗಡಿ ದಾಟಿದ ಹಾಗೂ ಏರ್ತಾ ಬಂತು."

ಯಂತ್ರ ಹಿಡಿದು ನಾನು ತಗಡಿನ ಗೋಡೆಯ ಕಡೆ ಸರಿದೆ. ಸದ್ದು ಇನ್ನೂ ಬಿಗಿಯಾಯಿತು. ಹೊರಬಂದು ಹಾಜ್ ಬುಶೈಬರ ಅಂಗಡಿಯೊಳಗೆ ಕಾಲಿಟ್ಟೆ. ಅವರು ಮೇಜಿನ ಹಿಂದೆ ಮುಖ ಕಿವುಚಿಕೊಂಡು ಕೂತಿದ್ದರು. ಬೆಳಿಗ್ಗೆ ತಿಂದ ಸಾರ್ಡೀನು ಹಾಳಾಗಿತ್ತೇನೋ, ಎರಡು ಸಲ ವಾಂತಿಯಾಯಿತು ಎಂದರು. ನಾನು ಮೇಜಿನ ಹತ್ತಿರ ಹೋದೆ. ಸದ್ದು ಪಟ್ಟನೆ ನಿಂತಿತು.

"ನೋಡಿದ್ಯಾ? ನನ್ನ ಅಂಗಡಿಗೆ ಬಂದ್ರೆ ನಿನ್ನ ಜೀರುಂಡೆನೂ ಬಾಯಿ ಮುಚ್ಕೊಳ್ಳತ್ತೆ," ಎಂದರು ಹಾಜ್.

ನಾನೂ ನಕ್ಕೆ. ಕೊಳವೆ ಸತ್ತಿರಬೇಕು ಎಂದುಕೊಂಡು ಹೊರಟೆ. ಹೊಸ್ತಿಲು ದಾಟಿದ್ದೇ ತಡ, ಅದು ಮತ್ತೆ ಸುಯ್ಯೆಂದಿತು. ಮತ್ತೆ ಒಳಗೆ ಮೇಜಿನ ಕಡೆ ಸರಿದೆ. ಮೌನ.

ಓಣಿಯಲ್ಲಿ ನಿಂತಿದ್ದ ಲಾಲ್ಲಾ ತೂರಿಯಾರ ಮುಖ ಬಿಳಿಚಿಕೊಂಡಿತ್ತು. "ಮಿಲೂದ್, ಈಚೆ ಬಾ," ಎಂದರು ಸಣ್ಣ ದನಿಯಲ್ಲಿ. ನಾನು ಬಂದೆ. "ಅದು ಕೆಟ್ಟಿಲ್ಲ. ಎಣಿಸೋಕೆ ಆಗದಷ್ಟು ವಿಕಿರಣ ಬಂದ್ರೆ ಕೊಳವೆ ಉಸಿರು ಕಟ್ಟಿದ ಹಾಗೆ ಸುಮ್ಮನಾಗತ್ತೆ. ಸದ್ದು ಇಲ್ಲದ ಜಾಗವೇ ಎಲ್ಲಕ್ಕಿಂತ ಕೆಟ್ಟ ಜಾಗ."

ನಾನು ಆ ಮೇಜಿಗೆ ಹೊಟ್ಟೆ ತಾಗಿಸಿ ನಿಂತು ಬಂದಿದ್ದೆ. ಈ ವಿಕಿರಣ ಸುಡುವುದಿಲ್ಲ, ನಾರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಬೆಳಗಿನಿಂದ ತಗಡಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವನು ನಾನು.

"ಹಾಜ್, ಹೊಸದಾಗಿ ಏನಾದ್ರೂ ಸಾಮಾನು ಬಂತಾ?" ಎಂದು ಲಾಲ್ಲಾ ಹೊರಗಿನಿಂದಲೇ ಕೇಳಿದರು.

"ನಿನ್ನೆ ಸಾಯಂಕಾಲ ಬಂಡಿಯವನೊಬ್ಬ ಒಂದು ಚೀಲ ಹಾಕಿ ಹೋದ. ಬರೀ ಕಸ. ಒಂದೇ ಒಂದು ಒಳ್ಳೇದು ಸಿಕ್ತು, ಬೆಳಿಗ್ಗೆ ಕೂತು ಉಜ್ಜಿಟ್ಟಿದ್ದೀನಿ. ನೋಡಿ."

ಬೇಡ ಎನ್ನುವಷ್ಟರಲ್ಲಿ ಅವರು ಡ್ರಾಯರು ಎಳೆದು, ಬೆರಳುದ್ದದ ಹೊಳೆಯುವ ಉಕ್ಕಿನ ತುಂಡೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. ಸರಪಳಿಯ ಹಾಗೆ ಕೊಂಡಿ ಜೋಡಿಸಿದ, ಬೀಗದ ಕೈ ಗೊಂಚಲಿಗೆ ಹಾಕುವಂಥ ಮುದ್ದಾದ ವಸ್ತು.

"ಹಾಜ್, ಅದನ್ನ ಅಲ್ಲೇ ಬಿಡಿ," ಎಂದೆ.

"ಇದಕ್ಕೆ ಹೆದರ್ತೀಯಾ? ಹಿಡ್ಕೊಂಡು ನೋಡಯ್ಯ, ಎಷ್ಟು ನುಣ್ಣಗಿದೆ." ಅವರು ಎದ್ದು, ಅದನ್ನು ನನ್ನ ಕೈಗೆ ಕೊಡಲೆಂದು ನಗುತ್ತಾ ನಡೆದು ಬಂದರು. ನನ್ನ ಕೈಯಲ್ಲಿದ್ದ ಯಂತ್ರದ ಸದ್ದು ನಿಂತುಹೋಯಿತು.

ನಾನು ಓಡಿದೆ. ಇದನ್ನು ಬೇರೆ ಥರ ಹೇಳಲು ಬರುವುದಿಲ್ಲ. ಯಂತ್ರವನ್ನು ಅಲ್ಲೇ ಎಸೆದು, ಅರವತ್ತೆಂಟು ವರ್ಷದ ಹೆಂಗಸನ್ನು ಆ ಮನುಷ್ಯನ ಎದುರು ಬಿಟ್ಟು ಚಹಾದ ಒಲೆಯವರೆಗೆ ಓಡಿದೆ. ಬೆನ್ನ ಹಿಂದೆ ಅವರ ದನಿ ಕೇಳಿಸಿತು. ತರಗತಿಯಲ್ಲಿ ನಲವತ್ತು ಜನರನ್ನು ಒಮ್ಮೆಗೇ ಕೂರಿಸುತ್ತಿದ್ದ ದನಿ.

"ಬುಶೈಬ್, ಅಲ್ಲೇ ನಿಲ್ಲಿ. ನಿಮ್ಮ ಬೆರಳು ಯಾವಾಗಿಂದ ಕೆಂಪಗಿದೆ?"

ತಿರುಗಿ ನೋಡಿದೆ. ಹಾಜ್ ನಿಂತುಬಿಟ್ಟಿದ್ದರು. ತಮ್ಮ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದರು. ಹೆಬ್ಬೆರಳು, ತೋರುಬೆರಳು ಬಿಸಿಲಲ್ಲಿ ಬೆಂದ ಹಾಗೆ ಕೆಂಪೇರಿದ್ದವು.

"ಕೆಳಗಿಡಿ. ಎಸೀಬೇಡಿ, ಮೆಲ್ಲಗೆ ಇಡಿ. ಈಗ ಅದಕ್ಕೆ ಬೆನ್ನು ಹಾಕಿ ನನ್ನ ಜೊತೆ ಬನ್ನಿ. ಬೇಗ."

ಅವರು ಇಟ್ಟರು. ಬಂದರು. ಈಗ ಆ ತುಂಡು ಓಣಿಯ ನಡುವೆ ಬಿದ್ದಿತ್ತು. ಅದರ ಆಚೆ ಈಚೆ ಜನ ಎಂದಿನಂತೆ ಓಡಾಡುತ್ತಿದ್ದರು. ಒಬ್ಬ ಹೆಂಗಸು ತನ್ನ ಕೈಗಾಡಿಯ ಚಕ್ರವನ್ನು ಅದರ ಪಕ್ಕದಲ್ಲೇ ದಾಟಿಸಿದಳು.

"ವಿಕಿರಣ ಇದೆ, ಎಲ್ಲ ದೂರ ಹೋಗಿ," ಎಂದು ಕೂಗಿದೆ. ಕೇಬಲ್ ಅಂಗಡಿಯವನು, "ಏನ್ ಮಾರ್ತಿದ್ಯೋ ಮಿಲೂದ್, ಹೊಸ ಆಟಿಕೆನಾ?" ಎಂದ. ಇಬ್ಬರು ನಕ್ಕರು. ಯಾರೂ ಅಲುಗಲಿಲ್ಲ. ಆಗ ಒಲೆಯ ಪಕ್ಕದ ಸಿಲಿಂಡರು ಕಣ್ಣಿಗೆ ಬಿತ್ತು.

"ಗ್ಯಾಸ್ ಸೋರ್ತಿದೆ! ಸಿಡಿಯತ್ತೆ, ಓಡಿ!"

ಎರಡು ನಿಮಿಷದಲ್ಲಿ ಓಣಿ ಬರಿದಾಯಿತು. ಕಾಣದ್ದನ್ನು ಯಾರೂ ನಂಬಲಿಲ್ಲ. ಸುಳ್ಳನ್ನು ಎಲ್ಲರೂ ನಂಬಿದರು. ಕೆಲವರು, "ವಾಸನೆನೇ ಇಲ್ವಲ್ಲ," ಎನ್ನುತ್ತಾ ಬಾಗಿಲು ಎಳೆಯಲು ವಾಪಸು ಹೊರಟಾಗ ತೋಳು ಹಿಡಿದು ನೂಕಿದೆ. ಒಬ್ಬ ನನ್ನ ಕೆನ್ನೆಗೆ ಬಾರಿಸಿದ. ಅತ್ತ ಲಾಲ್ಲಾ ಫೋನಿನಲ್ಲಿ ಅಗ್ನಿಶಾಮಕದವರಿಗೆ ಅಕ್ಷರ ಬಿಡಿಸಿ ಬಿಡಿಸಿ ವಿವರಿಸುತ್ತಿದ್ದರು.

ಅಗ್ನಿಶಾಮಕದವರು ಬಂದಾಗ ಅವರ ಅಧಿಕಾರಿಯೊಬ್ಬ ತನ್ನದೇ ದೊಡ್ಡ ಯಂತ್ರ ಹಿಡಿದು ಗತ್ತಿನಿಂದ ಓಣಿಗೆ ಇಳಿದ. ಹತ್ತು ಅಂಗಡಿ ದಾಟಿದವನು ನಿಂತ. ಹಿಂದಕ್ಕೆ ತಿರುಗಿ, ಓಡಬಾರದೆಂದು ತನ್ನನ್ನು ತಾನೇ ತಡೆದುಕೊಳ್ಳುವವನಂತೆ ನಡೆದು ಬಂದ. ಹಣೆಯ ತುಂಬ ಬೆವರು. "ಎಲ್ಲರೂ ರಸ್ತೆ ಆಚೆಗೆ," ಎಂದ. ಅಷ್ಟು ಹೊತ್ತು ವಾಸನೆ ಇಲ್ಲವೆಂದು ಗೊಣಗುತ್ತಿದ್ದ ಜನ ಆ ಮುಖ ನೋಡಿ ರಸ್ತೆ ದಾಟಿದರು.

ಹಾಜ್ ಬುಶೈಬ್ ರಸ್ತೆಯಂಚಿನ ಗೋಡೆಗೆ ಒರಗಿ ಕೂತು ಮತ್ತೆ ವಾಂತಿ ಮಾಡಿಕೊಂಡರು. ಅವರ ಸುತ್ತ ಜಾಗ ತನ್ನಷ್ಟಕ್ಕೆ ಅಗಲವಾಗುತ್ತಾ ಹೋಯಿತು. ಮೂವತ್ತು ವರ್ಷ ಜೊತೆಗೆ ಚಹಾ ಕುಡಿದವರು ತಮ್ಮ ಜೆಲ್ಲಾಬಾ ನಿಲುವಂಗಿಯ ಅಂಚು ಎಳೆದುಕೊಂಡು ಸರಿದರು. ಹಾಜ್ ನೀರು ಕೇಳಿದರು. ಯಾರೂ ಕೊಡಲಿಲ್ಲ.

"ಅವರನ್ನ ಮುಟ್ಟಿದ್ರೆ ಏನೂ ಅಂಟಲ್ಲ," ಎಂದರು ಲಾಲ್ಲಾ, ನನ್ನ ಕಣ್ಣನ್ನೇ ನೋಡುತ್ತಾ. "ಅದು ಆ ತುಂಡಲ್ಲಿದೆ, ಅವರ ಮೈಯಲ್ಲಿಲ್ಲ. ನಾನು ಕಲಿಸಿದ್ದೆನಲ್ಲ ನಿನಗೆ."

ಕಲಿಸಿದ್ದರು. ಆದರೂ ಬಾಟಲಿ ಹಿಡಿದು ಆ ನಾಲ್ಕು ಹೆಜ್ಜೆ ಇಡುವಾಗ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಕುಡಿಸಿದೆ.

ಸಂಜೆಗೆ ಉದ್ದನೆಯ ಇಕ್ಕಳ, ಸೀಸದ ದಪ್ಪ ಪಾತ್ರೆ ತಂದು ಅದನ್ನು ಎತ್ತಿಕೊಂಡು ಹೋದರು. ಕೊಳವೆಮಾರ್ಗದ ಬೆಸುಗೆಯನ್ನು ವಿಕಿರಣ ಹಾಯಿಸಿ ಪರೀಕ್ಷಿಸುವ ಯಾವುದೋ ಕಂಪನಿಯ ಗಾಡಿಯಿಂದ ಒಂಬತ್ತು ದಿನದ ಹಿಂದೆ ಬಿದ್ದದ್ದಂತೆ. ಕಂಪನಿಯವರು ಯಾರಿಗೂ ಹೇಳಿರಲಿಲ್ಲ. ಅಲ್ಲಿನ ಇಬ್ಬರನ್ನು ಪೊಲೀಸರು ಹಿಡಿದರು. ಬಂಡಿಯವನನ್ನೂ ಹುಡುಕಿದರು; ಚೀಲದೊಳಗೆ ಕೈ ಹಾಕದೆ ಬಂಡಿಯ ಹಿಂಬದಿಯಲ್ಲಿ ಹೇರಿಕೊಂಡು ಬಂದಿದ್ದರಿಂದ ಅವನು ಉಳಿದ.

ನನ್ನ ರಕ್ತವನ್ನೂ ಲಾಲ್ಲಾರ ರಕ್ತವನ್ನೂ ಮೂರು ಸಲ ಪರೀಕ್ಷೆ ಮಾಡಿದರು. ಹೆದರುವಂಥದ್ದೇನೂ ಇಲ್ಲ ಎಂದರು ಡಾಕ್ಟರು. ಕಿವಿ ಕೇಳಿಸಿಕೊಂಡಿತು, ಎದೆ ಕೇಳಲಿಲ್ಲ. ನಮಾಜಿಗೆ ಮುನ್ನ ಕೈಕಾಲು ತೊಳೆದು ವುಜೂ ಮಾಡುವಾಗಲೆಲ್ಲ ಬೆರಳುಗಳನ್ನು ಬೆಳಕಿಗೆ ಹಿಡಿದು ಕೆಂಪಾಗಿವೆಯೇ ಎಂದು ನೋಡುತ್ತಿದ್ದೆ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡರೆ ಆ ದಿನದ ಊಟ ಸೇರುತ್ತಿರಲಿಲ್ಲ.

ಹಾಜ್ ಬುಶೈಬರ ಎರಡು ಬೆರಳು ತೆಗೆದರು. ಜೀವ ಉಳಿಯಿತು. ಏಳು ವಾರದ ಮೇಲೆ ಆಸ್ಪತ್ರೆಯಲ್ಲಿ ಅವರನ್ನು ನೋಡಲು ನನ್ನನ್ನು ಒಳಗೆ ಬಿಟ್ಟರು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಕೈಗೆ ದಿಂಬಿನಷ್ಟು ದಪ್ಪ ಪಟ್ಟಿ.

"ಹಾಜ್, ಅವತ್ತು ನಾನು ಓಡಿಹೋದೆ," ಎಂದೆ. ಅದನ್ನು ಹೇಳಲೆಂದೇ ಹೋಗಿದ್ದೆ.

"ಕಂಡೆ. ನಿನ್ನ ಚಪ್ಪಲಿ ಒಂದು ಕಡೆ, ನೀನೊಂದು ಕಡೆ."

"ಲಾಲ್ಲಾನ ಬಿಟ್ಟು ಓಡಿದೆ."

ಅವರು ಪಟ್ಟಿ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡರು. "ನಾನು ಅದನ್ನ ನಿನ್ನ ಕೈಗೆ ಇಡೋಕೆ ಬಂದಿದ್ದೆ ಕಣೋ. ಎಲ್ಲಾದ್ರೂ ಇಸ್ಕೊಂಡಿದ್ರೆ? ಇಲ್ಲಿ ಮಲಗಿ ನಾನು ಯೋಚನೆ ಮಾಡೋದು ಅದೊಂದನ್ನೇ. ಓಡಿದ್ದು ಒಳ್ಳೇದಾಯ್ತು."

ದಾದಿ ಹರೀರಾ ಸೂಪಿನ ಬಟ್ಟಲು ಇಟ್ಟು ಹೋದಳು. ಅವರು ಎಡಗೈಯಲ್ಲಿ ಚಮಚ ಹಿಡಿಯಲು ಹೋಗಿ ಅಂಗಿಯ ಮೇಲೆ ಚೆಲ್ಲಿಕೊಂಡರು. ನಾನು ಚಮಚ ತೆಗೆದುಕೊಂಡೆ. ಬೇಡವೆನ್ನಲಿಲ್ಲ. ಎರಡು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಉಪ್ಪೇ ಇಲ್ಲ. ನಾಳೆ ನಿನ್ನ ಹೆಂಡತಿಗೆ ಹೇಳಿ ಮನೇಲಿ ಮಾಡಿಸ್ಕೊಂಡು ಬಾ. ಕಡಲೆ ಜಾಸ್ತಿ ಹಾಕೋಕೆ ಹೇಳು."

ಮಾರನೆಯ ದಿನ ಅಂಗಡಿ ತೆರೆಯದೆ, ಬಿಸಿ ಆರದಂತೆ ಪಾತ್ರೆಗೆ ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತಿದೆ.